ನೀರಿನ ಮೇಲೂ ವೇಗದ ಮಿತಿಯೆ?

ಸಂಘದ ಯುವ ವಿಭಾಗದ ಚರ್ಚಾಕೂಟಕ್ಕೆ ಈ ಸಲ ಆರಿಸಿದ್ದ ವಿಷಯ, ‘ಸರೋವರಗಳಲ್ಲಿ ದೋಣಿಗಳಿಗೆ ವೇಗದ ಮಿತಿ ಬೇಕೆ?’ ಎಂಬುದು. ಬೇಡವೆಂದವರಿಗೇ ಚಪ್ಪಾಳೆ ಜಾಸ್ತಿ. ‘ರಸ್ತೆಯಲ್ಲಿ ಸಿಗ್ನಲ್, ದಾದರ್ ಸ್ಟೇಷನ್ನಿನಲ್ಲಿ ನೂಕುನುಗ್ಗಲು. ನೀರಿನ ಮೇಲಾದರೂ ಓಡಲು ಬಿಡಿ’ ಎಂದು ಒಬ್ಬ ಹುಡುಗ ಹೇಳಿದಾಗ ನನಗೂ ನಗು ಬಂತು. ಆದರೂ ನಾನು ಮಿತಿಯ ಪಕ್ಷದವಳು.

ಮಕ್ಕಳೇ, ದೋಣಿಗೆ ಕಾರಿನಂತೆ ಬ್ರೇಕ್ ಇಲ್ಲ. ಎಂಜಿನ್ ನಿಲ್ಲಿಸಿದರೂ ಅದು ಓಡಿದ ರಭಸದಲ್ಲೇ ಮುಂದೆ ಸಾಗುತ್ತದೆ. ವೇಗ ಎರಡರಷ್ಟಾದರೆ ಅದರ ಹಿಂದಿನ ಶಕ್ತಿ ನಾಲ್ಕರಷ್ಟು. ಇದು ನಿಮ್ಮ ಶಾಲೆಯ ಪಾಠವೇ. ಸರೋವರ ಬೇಡ, ನಮ್ಮ ಬಂದರನ್ನೇ ನೋಡಿ. 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ ‘ನೀಲಕಮಲ್’ ದೋಣಿಗೆ, ಎಂಜಿನ್ ಪರೀಕ್ಷೆ ನಡೆಸುತ್ತಿದ್ದ ನೌಕಾಪಡೆಯ ವೇಗದ ದೋಣಿಯೊಂದು ಹತೋಟಿ ತಪ್ಪಿ ಬಡಿಯಿತು. 15 ಮಂದಿ ಸತ್ತರು. ನಿಧಾನವಾಗಿ ಹೋಗುತ್ತಿದ್ದ ದೋಣಿಯವರು ಯಾವ ತಪ್ಪಿಗೆ ನೀರುಪಾಲಾದರು? ಆ ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರೆಂಬುದು ನಿಜ, ಆದರೆ ಡಿಕ್ಕಿಗೆ ಅದು ಕಾರಣವಲ್ಲ.

ಈ ಚರ್ಚೆ ಬಹಳ ಕಾಲ ನಡೆದದ್ದು ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದ ವಿಷಯದಲ್ಲಿ. ನಮ್ಮ ಬಿ.ಎ. ತರಗತಿಯಲ್ಲಿ ಅದು ವರ್ಡ್ಸ್‌ವರ್ತ್ ಕವಿಯ ನಾಡು, ಅಷ್ಟೆ. ಅಲ್ಲಿ ವೇಗದ ದೋಣಿಗಳೂ ನೀರಿನ ಸ್ಕೀಯಿಂಗೂ ಹೆಚ್ಚಾಗಿ, ಹಾಯಿದೋಣಿಯವರಿಗೆ, ಈಜುವವರಿಗೆ ಜಾಗವಿಲ್ಲದಂತಾಯಿತು. 2000ದಲ್ಲಿ ಗಂಟೆಗೆ 10 ಮೈಲಿ, ಅಂದರೆ ಸುಮಾರು 16 ಕಿಲೋಮೀಟರ್, ಎಂಬ ಮಿತಿಗೆ ಒಪ್ಪಿಗೆ ಸಿಕ್ಕಿತು. ಹೊಟ್ಟೆಪಾಡಿಗೆ ಬೇರೆ ದಾರಿ ಹುಡುಕಿಕೊಳ್ಳಲಿ ಎಂದು ಐದು ವರ್ಷ ಕಾದು, 2005ರ ಮಾರ್ಚಿನಲ್ಲಿ ಜಾರಿಗೆ ತಂದರು. ದೋಣಿ ವ್ಯಾಪಾರಿಗಳೂ ಸ್ಕೀ ಕ್ಲಬ್‌ಗಳೂ ಕಡೆಯವರೆಗೆ ವಿರೋಧಿಸಿದರು.

ಅವರ ಒಂದು ವಾದ ಸುಳ್ಳಲ್ಲ. ಪೂರ್ತಿ ವೇಗದಲ್ಲಿ ಹೋಗುವ ಹಗುರ ದೋಣಿ ನೀರಿನ ಮೇಲೆ ಜಾರಿಕೊಂಡು ಹೋಗುತ್ತದೆ, ಅಲೆ ಕಡಿಮೆ. ಅರ್ಧ ವೇಗದಲ್ಲಿ ಅದೇ ದೋಣಿ ಮೂತಿ ಎತ್ತಿ, ಹಿಂಭಾಗ ಮುಳುಗಿಸಿ, ನೇಗಿಲು ಉತ್ತಂತೆ ದೊಡ್ಡ ಅಲೆ ಎಬ್ಬಿಸುತ್ತದೆ. ದಡ ಕೊರೆಯುವುದು, ಪುಟ್ಟ ದೋಣಿಗಳನ್ನು ಅಲ್ಲಾಡಿಸುವುದು ಆ ಅಲೆ. ಆದ್ದರಿಂದ ಬರೀ ಒಂದು ಅಂಕಿಯನ್ನು ಬೋರ್ಡಿನಲ್ಲಿ ಬರೆದು ಹಾಕಿದರೆ ಸಾಲದು. ದಡದ ಹತ್ತಿರ ಇನ್ನೂ ನಿಧಾನ ಬೇಕು. ವಿಂಡರ್‌ಮಿಯರ್‌ನಲ್ಲೇ ಕೆಲವು ಕಡೆ ಮಿತಿ 6 ಮೈಲಿ.

‘ಶಾಂತಿ ಬೇಕೆನ್ನುವುದು ಉಳ್ಳವರ ಗೀಳು’ ಎಂದಳು ಇನ್ನೊಬ್ಬ ಹುಡುಗಿ. ಇದನ್ನು ತಳ್ಳಿಹಾಕುವುದು ಕಷ್ಟ. 1844ರಲ್ಲಿ ವರ್ಡ್ಸ್‌ವರ್ತ್ ವಿಂಡರ್‌ಮಿಯರ್‌ಗೆ ರೈಲು ಬರುವುದನ್ನೇ ವಿರೋಧಿಸಿದ್ದ. ಕೂಲಿಕಾರರು ಗುಂಪುಗುಂಪಾಗಿ ಬಂದರೆ ತನ್ನ ಏಕಾಂತ ಕೆಡುತ್ತದೆಂಬ ಭಯ ಆ ಮಹಾಕವಿಗೆ! ನಮ್ಮ ಶರಾವತಿ ಹಿನ್ನೀರಿನ ತುಮರಿಯ ಕಡೆಯವರನ್ನು ಕೇಳಿ. ಸಂಜೆಯಾದ ಮೇಲೆ ಲಾಂಚ್ ಇಲ್ಲದೆ ರೋಗಿಗಳನ್ನು ದಾಟಿಸಲಾಗದೆ ದಶಕಗಟ್ಟಲೆ ಒದ್ದಾಡಿದವರು ಅವರು. ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಬೇಗ ಹೋಗುವುದು ಅವರಿಗೆ ಮೋಜಿನ ಮಾತಲ್ಲ. ಇಂಥ ತುರ್ತಿನ ದೋಣಿಯನ್ನು ಯಾವ ಮಿತಿಯೂ ತಡೆಯಬಾರದು.

ಮೋಜಿನ ವೇಗಕ್ಕೂ ದಾರಿಯಿದೆ. 1967ರ ಜನವರಿ 4ರಂದು ಡೊನಾಲ್ಡ್ ಕ್ಯಾಂಬೆಲ್ ದಾಖಲೆ ಮುರಿಯಲು ಹೋಗಿ ಪ್ರಾಣ ಬಿಟ್ಟದ್ದು ವಿಂಡರ್‌ಮಿಯರ್‌ಗೆ ಹತ್ತಿರದ ಕೊನಿಸ್ಟನ್ ಸರೋವರದಲ್ಲಿ. ಅಲ್ಲಿಯೂ ಈಗ 10 ಮೈಲಿಯ ಮಿತಿಯಿದೆ. ಆದರೆ ನವೆಂಬರಿನಲ್ಲಿ ಒಂದು ವಾರ ದಾಖಲೆಯ ಓಟಗಳಿಗೆಂದು ಅದನ್ನು ಸಡಿಲಿಸುವ ಪದ್ಧತಿ ಬೆಳೆದು ಬಂದಿದೆ. ನಮ್ಮ ಬಂದರಿನಲ್ಲೂ ಪರೀಕ್ಷೆಯ ಓಟಗಳಿಗೆ ಬೇರೆ ಜಾಗ, ಬೇರೆ ವೇಳೆ ಗೊತ್ತುಮಾಡಿ, ಎಲಿಫೆಂಟಾ ದೋಣಿಗಳ ದಾರಿಯಿಂದ ಅವನ್ನು ದೂರವಿಡಬೇಕೆಂದೇ ನಾನು ಕೇಳುತ್ತಿರುವುದು.