ಗೆರೆಯೆಲ್ಲ ಗೀರಲ್ಲ!

ಮಗಳು ಮೊದಲ ಸಂಬಳದಲ್ಲಿ ಕೊಡಿಸಿದ ಕಪ್ಪು ಸ್ಮಾರ್ಟ್‌ವಾಚು. ಎಂಟೇ ದಿನಕ್ಕೆ ಅಲ್ಯೂಮಿನಿಯಂ ಕಿಟಕಿಗೆ ಉಜ್ಜಿ ಅಂಚಿನಲ್ಲಿ ಬಿಳಿ ಗೆರೆ! 'ಟೂತ್‌ಪೇಸ್ಟ್ ಹಾಕಿ ತಿಕ್ಕಿ ಮೇಷ್ಟ್ರೇ, ಹೋಗುತ್ತೆ' ಎಂದರು ಸಹೋದ್ಯೋಗಿ. ಸದ್ಯ, ತಿಕ್ಕಲಿಲ್ಲ.

ಆ ಕಪ್ಪು ಬಳಿದ ಬಣ್ಣವಲ್ಲ. ನಿರ್ವಾತದಲ್ಲಿ ಲೋಹವನ್ನು ಆವಿಯಾಗಿಸಿ ಉಕ್ಕಿನ ಮೇಲೆ ಕೂರಿಸಿದ 'ಪಿವಿಡಿ' ಲೇಪನ. ದಪ್ಪ ಕೆಲವೇ ಮೈಕ್ರಾನು. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನು! ಟೂತ್‌ಪೇಸ್ಟಿನೊಳಗಿನ ಒರಟು ಪುಡಿ ಗೀರನ್ನು ತುಂಬುವುದಿಲ್ಲ; ಸುತ್ತಲಿನ ಲೇಪನವನ್ನೂ ಸವೆಸಬಹುದು. ಹೋದ ಲೇಪನ ಮನೆಯಲ್ಲಿ ಮರಳಿ ಬಾರದು.

ಆದರೆ ಕರಿಹಲಗೆಯ ಮೇಲೆ ಸೀಮೆಸುಣ್ಣ ಎಳೆದಾಗ ಸವೆಯುವುದು ಹಲಗೆಯೋ, ಸುಣ್ಣವೋ? ಹಾಗೆಯೇ ಗಟ್ಟಿ ಲೇಪನಕ್ಕೆ ಮೆತ್ತನೆಯ ಅಲ್ಯೂಮಿನಿಯಂ ಉಜ್ಜಿದರೆ ಅದೇ ಸವೆದು ಅಂಟಿಕೊಳ್ಳಬಹುದು. ಉಗುರಿನಿಂದ ಸವರಿ ನೋಡಿ. ತಡೆದರೆ ಗೀರು, ಬಿಟ್ಟುಬಿಡಿ. ಜಾರಿದರೆ ಆಸೆಯಿದೆ. ಮೊದಲು ಒದ್ದೆ ಬಟ್ಟೆಯಿಂದ ಧೂಳು ಒರೆಸಿ. ಆಮೇಲೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ.

ನನ್ನ ಗೆರೆ ಮುಕ್ಕಾಲು ಪಾಲು ಅಳಿಸಿತು. ಉಳಿದದ್ದು ಧೂಳಿನ ಮರಳು ಕೊರೆದ ನಿಜವಾದ ಗೀರು. ಮಗಳು ಸಪ್ಪಗಾದಳು. 'ಇರಲಿ ಬಿಡಮ್ಮ, ದಿನಾ ಕಟ್ಟಿಕೊಳ್ಳುತ್ತೇನೆ ಎನ್ನುವುದಕ್ಕೆ ಅದೇ ಸಾಕ್ಷಿ' ಎಂದೆ.