ಹಾವಿಗೆಂದು ಸಾಕಿದ ಇಲಿಯ ಹೊಣೆ ಯಾರದು?

ಹಾವು ಸಾಕುವ ಹವ್ಯಾಸ ಈಗ ನಮ್ಮ ನಗರಗಳಿಗೂ ಬಂದಿದೆ. ಆಫ್ರಿಕಾದ ಬಾಲ್ ಪೈಥಾನ್, ಅಮೆರಿಕದ ಕಾರ್ನ್ ಸ್ನೇಕ್‌ಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡವರಲ್ಲಿ ಕೆಲವರು ಅವುಗಳ ಆಹಾರಕ್ಕೆಂದು ಬಿಳಿ ಇಲಿಗಳನ್ನೂ ಸಾಕುತ್ತಾರೆ. ತೊಡಕು ಹುಟ್ಟುವುದು ಅಲ್ಲಿ. ದಿನವೂ ಕಾಳು ಹಾಕಿ, ನೀರು ಬದಲಿಸುವ ಕೈಯ ವಾಸನೆ ಇಲಿಗೆ ಪರಿಚಯವಾಗುತ್ತದೆ. ಒಂದು ಇಲಿ ಹೆದರದೆ ಅಂಗೈ ಏರಿ ಕೂರುತ್ತದೆ. ಹಾವಿನ ಊಟದ ದಿನ ಅದನ್ನು ಎತ್ತಿಕೊಡಲು ಮನಸ್ಸು ಬರುವುದಿಲ್ಲ. ಅಂಥವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಹೆಸರಿಡಬೇಡ, ಹಚ್ಚಿಕೊಳ್ಳಬೇಡ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಆ ಹಿಂಜರಿಕೆಯನ್ನು ಅದುಮಿಡುವ ಬದಲು ಅದನ್ನು ಕರ್ತವ್ಯವಾಗಿ ಬೆಳೆಸಬೇಕು.

ಕರಾವಳಿಯ ಬಂಟ್ವಾಳ ತಾಲ್ಲೂಕಿನ ಸಿದ್ಧಕಟ್ಟೆಯಂಥ ಊರಿನಲ್ಲಿ ಗಾಜಿನ ಪೆಟ್ಟಿಗೆಯ ಹಾವು ದೂರದ ಮಾತು. ಆದರೆ ತಿನ್ನಲೆಂದು ಸಾಕಿದ ಜೀವದ ಮೇಲೆ ಹುಟ್ಟುವ ಮಮತೆ ಅಲ್ಲಿ ಯಾರಿಗೂ ಹೊಸತಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಮನೆಗಳಲ್ಲಿ ಊರಕೋಳಿ ಬೆಳೆಯುವುದು ಮಕ್ಕಳ ಜತೆಯಲ್ಲೇ. ನುಚ್ಚು ಹಾಕುವವರು, ಸಂಜೆ ಗೂಡು ಮುಚ್ಚುವವರು, ಹದ್ದು ಬಂದರೆ ಕೂಗಿ ಓಡಿಸುವವರು ಅವರೇ. ಹಬ್ಬಕ್ಕೋ, ನೆಂಟರಿಗೋ, ದೈವದ ಹರಕೆಗೋ ಅದೇ ಕೋಳಿಯ ಸರದಿ ಬಂದಾಗ ಮಗು ಅತ್ತು ಊಟ ಬಿಡುವುದು ಎಷ್ಟೋ ಮನೆಗಳ ಕಥೆ. ಅಂಕದ, ಅಂದರೆ ಕೋಳಿ ಕಾಳಗದ, ಹುಂಜದ ಮೇಲಿನ ಅಕ್ಕರೆಯಂತೂ ಇನ್ನೂ ಗಾಢ. ಬಣ್ಣ ನೋಡಿ ಬೊಳ್ಳೆ, ಕೆಮ್ಮೈರೆ ಎಂದು ಕರೆದು, ಕೈಯಾರೆ ತಿನ್ನಿಸಿ ಬೆಳೆಸಿದವರೇ ಕೊನೆಗೆ ಅದರ ಕಾಲಿಗೆ ಕತ್ತಿ ಕಟ್ಟುತ್ತಾರೆ. ಕೈಯಾರೆ ಉಣಿಸಿದರೆ ಪ್ರೀತಿ ಹುಟ್ಟಿಯೇ ಹುಟ್ಟುತ್ತದೆ. ಆದರೆ ಬರಿಯ ಪ್ರೀತಿ ಯಾವ ಪ್ರಾಣಿಯನ್ನೂ ನೋವಿನಿಂದ ಕಾಪಾಡಿಲ್ಲ. ಇಲಿಯ ವಿಷಯದಲ್ಲಿ ನಾವು ಯೋಚಿಸಬೇಕಾದದ್ದು ಇಲ್ಲಿಂದಲೇ.

ಕರಾವಳಿಯ ಕೃಷಿಕರಿಗೆ ಇಲಿಯ ಮೇಲೆ ಕನಿಕರ ಕಡಿಮೆ. ಅದಕ್ಕೆ ಕಾರಣವೂ ಇದೆ. ಎಳೆಯ ತೆಂಗಿನಕಾಯಿ ಕೊರೆದು ಉದುರಿಸುವುದು, ಕೊಕ್ಕೊ ಕಾಯಿಗೆ ತೂತು ಹಾಕುವುದು, ಭತ್ತದ ಪೈರು ಕಡಿಯುವುದು ಇಲಿಯೇ. ಅದರ ಮೂತ್ರ ಬೆರೆತ ನೀರಿನಿಂದ ಹರಡುವ ಇಲಿ ಜ್ವರ ಮಳೆಗಾಲದಲ್ಲಿ ಗದ್ದೆಗಿಳಿಯುವವರ ಪ್ರಾಣಕ್ಕೇ ಸಂಚಕಾರ ತರಬಲ್ಲದು. ತೋಟದಲ್ಲಿ ಕೇರೆ ಹಾವು ಕಂಡರೆ ತಿಳಿದವರು ಹೊಡೆಯದೆ ಬಿಡುವುದು ಇದಕ್ಕೇ. ಆದರೆ ಗದ್ದೆಯ ಇಲಿ ತನ್ನಷ್ಟಕ್ಕೆ ಹುಟ್ಟುತ್ತದೆ, ಓಡಿ ಬಿಲ ಸೇರುವ ದಾರಿ ಅದಕ್ಕಿದೆ. ಪೆಟ್ಟಿಗೆಯ ಇಲಿಗೆ ಬಿಲವೇ ಇಲ್ಲ. ಅದು ಹುಟ್ಟಬೇಕೆಂದು, ಎಷ್ಟು ದಿನ ಬದುಕಬೇಕೆಂದು, ಯಾವ ಸಂಜೆ ಸಾಯಬೇಕೆಂದು ತೀರ್ಮಾನಿಸುವವನು ಮನುಷ್ಯ. ಹಾವು ಇಲಿ ತಿನ್ನುವುದು ಪ್ರಕೃತಿ ನಿಯಮ ಎಂಬ ಮಾತು ತೋಟದಲ್ಲಿ ನಿಜ. ಮನೆಯೊಳಗೆ ಆ ನಿಯಮ ನಡೆಸುವವರು ನಾವು. ಅಲ್ಲಿ ಪ್ರಕೃತಿಯ ಹೆಸರು ಹೇಳಿ ನುಣುಚಿಕೊಳ್ಳಲಾಗದು.

ಲೆಕ್ಕವನ್ನೂ ನೋಡಬೇಕು. ಒಳ್ಳೆಯ ಆರೈಕೆಯಲ್ಲಿ ಬಾಲ್ ಪೈಥಾನ್ 20ರಿಂದ 30 ವರ್ಷ ಬದುಕುತ್ತದೆ. 10 ದಿನಕ್ಕೆ ಒಂದು ಇಲಿ ಎಂದರೂ 20 ವರ್ಷಕ್ಕೆ 700ಕ್ಕೂ ಹೆಚ್ಚು ಇಲಿಗಳು ಬೇಕು. ಅಷ್ಟನ್ನು ಹುಟ್ಟಿಸುವುದು ಕಷ್ಟವಲ್ಲ. ಇಲಿಯ ಬಸಿರು ಸುಮಾರು 3 ವಾರದ್ದು. ಹುಟ್ಟಿದ ಮರಿಗಳು 6ರಿಂದ 8 ವಾರಗಳಲ್ಲಿ ತಾವೇ ಮರಿ ಹಾಕುವಷ್ಟು ಬೆಳೆಯುತ್ತವೆ. ಗಂಡನ್ನು ಜತೆಗೇ ಬಿಟ್ಟರೆ ತಾಯಿ ಹೆತ್ತ ಒಂದು ದಿನದೊಳಗೇ ಮತ್ತೆ ಬಸಿರಾಗಬಲ್ಲದು. ಒಂದು ಸೂಲಿನ ಮರಿಗಳಿಗೆ ಹಾಲೂಡಿಸುತ್ತಲೇ ಮುಂದಿನ ಸೂಲನ್ನು ಹೊರುತ್ತದೆ. ಕಣ್ಣು ತೆರೆಯದ, ಕೂದಲು ಮೂಡದ ಮರಿಗಳನ್ನು ಸಾಕುವವರು ಪಿಂಕಿ ಎನ್ನುತ್ತಾರೆ. ಅವು ಹಾವಿನ ಮರಿಗಳ ಪಾಲು. ಅಂಗೈ ಏರಿದ ಒಂದು ಇಲಿಗಾಗಿ ಮರುಗುವವರು ಇಕ್ಕಟ್ಟಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಡುವಿಲ್ಲದೆ ಹೆರುವ ಆ ತಾಯಿಯತ್ತ ನೋಡುವುದು ಅಪರೂಪ. ಸಾವು ಕ್ಷಣದಲ್ಲಿ ಮುಗಿದೀತು. ಕೆಟ್ಟ ಬದುಕು ತಿಂಗಳುಗಟ್ಟಲೆ ನಡೆಯುತ್ತದೆ.

ಇಲಿಗೆ ಇದೆಲ್ಲ ತಿಳಿಯುತ್ತದೆಯೇ ಎಂದು ಕೇಳುವವರಿಗೆ ವಿಜ್ಞಾನದಲ್ಲಿ ಉತ್ತರವಿದೆ. ಕಚಗುಳಿ ಇಟ್ಟರೆ ದೊಡ್ಡ ಇಲಿಗಳು ನಮ್ಮ ಕಿವಿಗೆ ಕೇಳದಷ್ಟು ಎತ್ತರದ ದನಿಯಲ್ಲಿ ಖುಷಿಯಿಂದ ಉಲಿಯುತ್ತವೆ ಎಂದು 1990ರ ದಶಕದ ಕೊನೆಯಲ್ಲಿ ತೋರಿಸಿದವರು ನರವಿಜ್ಞಾನಿ ಯಾಕ್ ಪ್ಯಾಂಕ್‌ಸೆಪ್. 2011ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಕೊಳವೆಯಲ್ಲಿ ಸಿಲುಕಿದ ಇಲಿಯೊಂದನ್ನು ಮತ್ತೊಂದರ ಎದುರು ಇಟ್ಟರು. ಎದುರಿನ ಇಲಿ ಬಾಗಿಲು ತೆರೆಯುವುದನ್ನು ತಾನಾಗಿ ಕಲಿತು ಸಂಗಾತಿಯನ್ನು ಬಿಡಿಸಿತು. ಪಕ್ಕದಲ್ಲಿ ಚಾಕೊಲೇಟ್ ಇಟ್ಟಾಗಲೂ ಹಲವು ಇಲಿಗಳು ಸಂಗಾತಿಯನ್ನು ಬಿಡಿಸಿ ಅದಕ್ಕೂ ಪಾಲು ಉಳಿಸಿದವು. ಹಾಗಾಗಿ ಇಲಿಯನ್ನು ಹಚ್ಚಿಕೊಂಡವರು ಇಲ್ಲದ್ದನ್ನು ಕಲ್ಪಿಸಿಕೊಂಡಿಲ್ಲ. ಎದುರಿಗಿರುವ ಜೀವವನ್ನು ಅವರು ಸರಿಯಾಗಿಯೇ ಗುರುತಿಸಿದ್ದಾರೆ.

ಹಾವಿಗೂ ತನ್ನ ಪಾಲಿನ ನ್ಯಾಯವಿದೆ. ಅದು ಕಾಳು, ಹಣ್ಣು ತಿಂದು ಬದುಕಲಾರದು. ಇಲಿಯ ಮೇಲಿನ ಮರುಕಕ್ಕೆ ಹಾವನ್ನು ಉಪವಾಸ ಕೆಡವುವುದೂ ಕ್ರೌರ್ಯವೇ. ಆದರೆ ಜೀವಂತ ಇಲಿಯನ್ನೇ ಕೊಡಬೇಕೆಂದಿಲ್ಲ. ಮೊದಲೇ ಕೊಂದು, ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ಬೆಚ್ಚಗೆ ಮಾಡಿಕೊಟ್ಟ ಇಲಿಯನ್ನು ತಿನ್ನಲು ಸಾಕಿದ ಹಾವುಗಳಲ್ಲಿ ಹೆಚ್ಚಿನವು ಒಗ್ಗಿಕೊಳ್ಳುತ್ತವೆ. ಮೂಲೆಗೆ ಬಿದ್ದ ಇಲಿ ಕಚ್ಚಿ ಹಾವೇ ಗಾಯಗೊಳ್ಳುವುದೂ ಇದರಿಂದ ತಪ್ಪುತ್ತದೆ. ಇಷ್ಟು ಸರಳ ದಾರಿ ಇರುವಾಗ ಜೀವಂತ ಇಲಿಯನ್ನು ಹಾವಿನ ಮುಂದೆ ಬಿಟ್ಟು, ವಿಡಿಯೊ ತೆಗೆದು ಹಂಚುವವರಿಗೆ ಯಾವ ಸಮರ್ಥನೆಯೂ ಇಲ್ಲ. ಬರೀ ಮನರಂಜನೆಗಾಗಿ ಒಂದು ಪ್ರಾಣಿಯನ್ನು ಕೂಡಿಹಾಕಿ ಇನ್ನೊಂದಕ್ಕೆ ಬೇಟೆಯಾಗಿಸುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಅಪರಾಧ ಎನ್ನುತ್ತದೆ. ಕೋಳಿ ಅಂಕಕ್ಕೆ ಅಡ್ಡಬರುವುದೂ ಅದೇ ಸೆಕ್ಷನ್. ಆದರೆ ಮೊದಲ ತಪ್ಪಿಗೆ ಅದು ವಿಧಿಸುವ ದಂಡ 10ರಿಂದ 50 ರೂಪಾಯಿ ಮಾತ್ರ.

ಉಳಿದ ಕಾನೂನಿನಲ್ಲೂ ಹೊಂದಾಣಿಕೆಯಿಲ್ಲ. ನಾಗರ, ಕೇರೆ, ಹೆಬ್ಬಾವುಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅವನ್ನು ಮನೆಯಲ್ಲಿ ಸಾಕುವಂತಿಲ್ಲ. ಹೀಗಾಗಿ ಸಾಕುವವರ ಕಣ್ಣು ವಿದೇಶಿ ಹಾವುಗಳ ಮೇಲೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗುಗಳಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪಗಳು ಸಿಕ್ಕವು. ಜತೆಗಿದ್ದ 6 ಕ್ಯಾಪುಚಿನ್ ಕೋತಿಗಳು ಸತ್ತೇ ಹೋಗಿದ್ದವು. 2024ರ ಏಪ್ರಿಲ್‌ನಲ್ಲಿ ಅಲ್ಲೇ 10 ಹಳದಿ ಅನಕೊಂಡಾಗಳು ಸಿಕ್ಕವು. ಅದೇ ವರ್ಷ ಬಂದ ಕೇಂದ್ರದ ನಿಯಮಗಳ ಪ್ರಕಾರ, ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಆ ಪಟ್ಟಿಯಲ್ಲಿ ಬಾಲ್ ಪೈಥಾನ್ ಇದೆ. ಅದಕ್ಕೆ ಆಹಾರವಾಗುವ ಬಿಳಿ ಇಲಿ ಇಲ್ಲ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಾದರೋ ಇಲಿಯನ್ನು ನಾಯಿ, ಬೆಕ್ಕಿನ ಸಾಲಿನಲ್ಲೇ ಸಾಕುಪ್ರಾಣಿ ಎಂದು ಹೆಸರಿಸಿವೆ. ಅಂಗಡಿಯಲ್ಲಿ ಸಾಕುಪ್ರಾಣಿಯಾಗಿದ್ದ ಜೀವ ಮನೆಯ ಹೊಸ್ತಿಲು ದಾಟಿದೊಡನೆ ಯಾವ ಲೆಕ್ಕಕ್ಕೂ ಇಲ್ಲದ ಮೇವಾಗುತ್ತದೆ.

ಇದನ್ನು ಸರಿಪಡಿಸಲು ದೊಡ್ಡ ಕ್ರಾಂತಿ ಬೇಕಿಲ್ಲ. ಹಾವಿನ ನೋಂದಣಿ ಅರ್ಜಿಯಲ್ಲೇ ಅದರ ಆಹಾರ ಎಲ್ಲಿಂದ ಬರುತ್ತದೆ, ಹೇಗೆ ಕೊಡುತ್ತೀರಿ ಎಂದು ಕೇಳಬೇಕು. ಸಾಕಿದ ಹಾವಿಗೆ ಜೀವಂತ ಇಲಿ ಕೊಡುವುದನ್ನು, ಪಶುವೈದ್ಯರು ಅನಿವಾರ್ಯವೆಂದ ಪ್ರಸಂಗ ಬಿಟ್ಟು, ನಿಷೇಧಿಸಬೇಕು. ಮನೆಯಲ್ಲೇ ಇಲಿ ಬೆಳೆಸುವವರು ಅವಕ್ಕೆ ಜಾಗ, ಗೂಡು ಕಟ್ಟಲು ಸಾಮಗ್ರಿ, ತಾಯಿಗೆ ಎರಡು ಸೂಲುಗಳ ನಡುವೆ ಬಿಡುವು ಕೊಡಬೇಕು. ನೋವಾಗದಂತೆ ಕೊಲ್ಲುವುದನ್ನು ಪಶುವೈದ್ಯರಿಂದ ಕಲಿಯಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಹಾವು ತರುವ ಮೊದಲಿನ ನಿರ್ಧಾರ. ಹಾವು ತರುವವರು ನೂರಾರು ಇಲಿಗಳ ಬದುಕು-ಸಾವನ್ನೂ ಮನೆಗೆ ತರುತ್ತಾರೆ. ಆ ಹೊಣೆ ಹೊರಲಾರೆ ಎನಿಸಿದರೆ ಹಾವು ತರದಿರುವುದೇ ಸರಿ. ಹಾವಿನ ಮೇಲೆ ನಿಜವಾದ ಪ್ರೀತಿ ಇರುವವರಿಗೆ ಮಾಡಲು ಬೇರೆ ಕೆಲಸ ಬೇಕಾದಷ್ಟಿದೆ: ತೋಟಕ್ಕೆ ಬರುವ ಕೇರೆಯನ್ನು ಕೊಲ್ಲದಂತೆ ನೆರೆಯವರನ್ನು ಒಪ್ಪಿಸುವುದು, ವಿಷ ತಿಂದ ಇಲಿ ಹಾವಿನ ಹೊಟ್ಟೆ ಸೇರದಂತೆ ಇಲಿಪಾಷಾಣದ ಬಳಕೆ ತಗ್ಗಿಸುವುದು, ನಾಗಬನದ ಮರಗಳನ್ನು ಉಳಿಸುವುದು. ಇಲಿಯನ್ನು ಕೊಡಲಾರದೆ ತಡೆದ ಕೈಗೆ ಹೃದಯ ಗಟ್ಟಿ ಮಾಡಿಕೋ ಎಂದು ಹೇಳುವುದನ್ನು ಬಿಟ್ಟು, ಅದು ಕೇಳುತ್ತಿರುವ ಪ್ರಶ್ನೆಗೆ ನಿಯಮಗಳಲ್ಲೂ ನಡತೆಯಲ್ಲೂ ಉತ್ತರ ಕೊಡೋಣ.