ಮದುವೆಗೆ ಮುಂಚೆ ಯೆಜ್ಡಿ ಮಾರಬೇಕೆ?

ತ್ಯಾಮಗೊಂಡ್ಲಿನ ಹುಡುಗನೊಬ್ಬನಿಗೆ ಮದುವೆ ಗೊತ್ತಾಗಿದೆ ಎನ್ನಿ. ಮನೆಯಲ್ಲಿ ತಂದೆಯ ಕಾಲದ ಯೆಜ್ಡಿ ರೋಡ್‌ಕಿಂಗ್ ಇದೆ. ‘ಮಾರಿಬಿಡಪ್ಪಾ, ಛತ್ರದ ಬಾಡಿಗೆಗಾದರೂ ಆದೀತು’ ಎನ್ನುತ್ತಾರೆ ಹಿರಿಯರು. ಹುಡುಗನಿಗೆ ಮನಸ್ಸಿಲ್ಲ.

ಇದು ಬರೀ ಮೋಹವಲ್ಲ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಗೆ 1996ರಲ್ಲಿ ಬೀಗ ಬಿತ್ತು. 2022ರಲ್ಲಿ ಅದೇ ಹೆಸರಿನ ಹೊಸ ಬೈಕುಗಳು ಬಂದವು, ನಿಜ. ಆದರೆ ಅವು ಫೋರ್ ಸ್ಟ್ರೋಕ್. ಆ ಜೋಡಿ ಸೈಲೆನ್ಸರಿನ ಸದ್ದು ಅವಕ್ಕೆಲ್ಲಿ ಬರಬೇಕು? ಹಳೆಯದರಲ್ಲಿ ಕಿಕ್ ಹೊಡೆದ ಸನ್ನೆಯನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರು!

ಹಿರಿಯರ ಮಾತೂ ಸುಳ್ಳಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಪೆಟ್ರೋಲು ಒಳಬರುವಾಗ ಹೊಗೆ ಹೋಗುವ ದಾರಿಯೂ ತೆರೆದಿರುತ್ತದೆ. ಒಂದಷ್ಟು ಉರಿಯದೆಯೇ ಹೊರಗೆ ಹೋಗುತ್ತದೆ. ಬೆರೆಸಿದ ಆಯಿಲ್ ಹೊಗೆಯಾಗುತ್ತದೆ. ದಿನಾ ನೆಲಮಂಗಲಕ್ಕೆ ಹೋಗಿಬರುವವನಿಗೆ ದುಬಾರಿಯೇ. 15 ವರ್ಷ ದಾಟಿದ ಮೇಲೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಬೇರೆ.

ದಿನದ ಓಡಾಟಕ್ಕೆ ಬಸ್ಸಿದೆಯಲ್ಲ, ಯೆಜ್ಡಿ ಭಾನುವಾರಕ್ಕಿರಲಿ. ಒಂದು ದಿನದ ಛತ್ರಕ್ಕಾಗಿ ಮತ್ತೆ ಸಿಗದ ಗಾಡಿಯನ್ನು ಮಾರುವುದು ಲೆಕ್ಕಕ್ಕೆ ಕೂಡುವುದಿಲ್ಲ. ಅಂದ ಹಾಗೆ, ಹುಡುಗಿಯನ್ನು ಯಾರಾದರೂ ಕೇಳಿದರೇ? ಶಿವಗಂಗೆಗೆ ಹೊರಟಾಗ ಹಿಂದಿನ ಸೀಟಿನಲ್ಲಿ ಕೂರುವವಳು ಅವಳು. ಮುಂದಿನ ಸೀಟನ್ನೇ ಕೇಳಿದರೂ ಕೇಳಿಯಾಳು.